"ಅಕ್ಕಾ, ಅದು ನಿಂಗ ಹೆಂಗ ಗೊತ್ತು?"

ಹಿಸ್ಟರಿ ಪಿಎಚ್‌ಡಿ ಇಂಟರ್‌ವ್ಯೂದಾಗ ಒಂದ್ಸಲ ಫೇಲ್ ಆಗಿ ಮುಂದಿನ ವರ್ಷ ಸೀಟ್ ತಗೊಂಡಾಕಿ ನಾನು, ಊರು ಬಾದಾಮಿ ತಾಲೂಕು. ನಡುವಿನ ಒಂದು ವರ್ಷ ಏನ್ ಮಾಡ್ದೆ ಅಂತ ಬರೀತೀನಿ, ಯಾಕಂದ್ರ ನಮ್ಮ ಕಡೆ ಹುಡುಗ್ರು ನೆಟ್ ಅನ್ನೋ ಯುಜಿಸಿ ಅರ್ಹತಾ ಪರೀಕ್ಷೆಗೆ ವರ್ಷಗಟ್ಟಲೆ ಓದತಾರ, ಇಂಟರ್‌ವ್ಯೂಗೆ ಮಾತ್ರ ಹಿಂದಿನ ವಾರ ಕುಂದ್ರತಾರ. 2024ರಿಂದ ಯುಜಿಸಿ ಮಾಡಿದ್ದು ನೋಡ್ರಿ, ನೆಟ್ ಸ್ಕೋರ್ ಮ್ಯಾಲೆ ಹೋಗೋರಿಗೆ 70 ಪರ್ಸೆಂಟ್ ನೆಟ್, 30 ಇಂಟರ್‌ವ್ಯೂ, ಅದರಾಗ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಆದವರಿಗಂತೂ ಇಂಟರ್‌ವ್ಯೂನ ಎಲ್ಲಾ.

ಮೊದಲ ಸಲ ಐಹೊಳೆ ಶಾಸನದ ಬಗ್ಗೆ ಕೇಳಿದ್ರು. ಗಡಗಡ ಹೇಳಿಬಿಟ್ಟೆ, ಕ್ರಿ.ಶ. 634, ರವಿಕೀರ್ತಿ, ಮೇಗುಟಿ ಜಿನಾಲಯ, ಇಮ್ಮಡಿ ಪುಲಕೇಶಿ ಹರ್ಷನ್ನ ಸೋಲಿಸಿದ. ಒಬ್ಬ ಮೇಡಂ ಸಮಾಧಾನದಿಂದ, ರವಿಕೀರ್ತಿ ಪುಲಕೇಶಿ ಆಶ್ರಯದಾಗಿನ ಕವಿ ಅಲ್ಲೇನು, ಅವನ ಮಾತು ಯಾಕ ನಂಬ್ತೀರಿ ಅಂದ್ರು. ನಂಗ ಬಾಯಿ ಕಟ್ತು. ಸಾಲ್ಯಾಗಿಂದ ಎಂಎ ತನಕ ಓದಿದ ಸಾಲು ಅದು, ಹಂಗ ಯಾರೂ ಕೇಳಿರ್ಲಿಲ್ಲ, ನಾನೂ ಕೇಳ್ಕೊಂಡಿರ್ಲಿಲ್ಲ.

ಊರಿಗೆ ಬಂದು ಪ್ರಪೋಸಲ್ ಪ್ರಿಂಟ್ ತಗಸಿ ಪ್ರತಿ ಸಾಲಿನ ಮಗ್ಗಲಾಗ ಪೆನ್ಸಿಲ್‌ಲೆ "ಹೆಂಗ ಗೊತ್ತು?" ಅಂತ ಬರ್ದೆ. ಉತ್ತರ ಸಿಗದ ಸಾಲು ಹೊಡದು ಹಾಕ್ದೆ, ನಾಲ್ಕು ಪೇಜಿಂದು ಎರಡೂವರೆಗೆ ಬಂತು. ಹರ್ಷನ ಸಾಲಿಗೆ ಉತ್ತರ ಇತ್ತು. ಹರ್ಷನ ಕಡೆಯಿಂದ ಅಷ್ಟು ಮರ್ಯಾದಿ ಕಂಡ ಚೀನಾ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕೂಡ ಪುಲಕೇಶಿ ಹರ್ಷಗ ಬಗ್ಗಲಿಲ್ಲ ಅಂತ ಬರದಾನ. ಎದುರಾಳಿ ಕಡೆಯಾಂವನ ಒಪ್ಪಿದ ಮ್ಯಾಲೆ ಆ ಮಾತಿಗೆ ತೂಕ ಬರ್ತದ.

ದಿನಾ ಸಂಜಿಗೆ ತಂಗಿ ಮುಂದ ಕುಂತು ಹೇಳ್ತಿದ್ದೆ. ಆಕಿ ಪಿಯು ಸೈನ್ಸ್, ಹಿಸ್ಟರಿ ಗಂಧ ಇಲ್ಲ, ಅದಕ್ಕ ಆಕಿಗಿಂತ ಚಲೋ ಪ್ಯಾನಲ್ ನಂಗ ಸಿಗ್ಲಿಲ್ಲ. ಎರಡು ಮಾತಿಗೊಮ್ಮೆ "ಅಕ್ಕಾ, ಅದು ನಿಂಗ ಹೆಂಗ ಗೊತ್ತು?" ಮೊದಲ ಕನ್ನಡದಾಗ ತಿಳಿಸಿ ಹೇಳೋದು, ಆಮ್ಯಾಲೆ ಅದನ್ನೇ ಇಂಗ್ಲಿಷ್‌ನಾಗ ಸಣ್ಣ ಸಣ್ಣ ವಾಕ್ಯ ಮಾಡಿ ಹೇಳೋದು.

ಒಂದಿನ ಇಬ್ರೂ ಮೇಗುಟಿ ಗುಡ್ಡ ಹತ್ತಿದ್ವಿ. ಮೂಡಣ ಗ್ವಾಡಿ ಮ್ಯಾಲಿನ ಆ ಶಾಸನ ಎಷ್ಟು ಸಲ ನೋಡಿದ್ದೆನೋ, ಅವತ್ತು ತಂಗಿ ಕೇಳಿದ್ಲು, ಅಕ್ಷರ ನಮ್ಮವು, ಭಾಷಾ ಸಂಸ್ಕೃತ, ಹಂಗ್ಯಾಕ? ಮನಿಗೆ ಬರೋ ತನಕ ಅದ ತಲ್ಯಾಗ.

ಎರಡನೇ ಇಂಟರ್‌ವ್ಯೂದಾಗ ಹೆಚ್ಚು ಕಡಿಮಿ ಅದೇ ಬಂತು. ಬಾದಾಮಿ ಮೂರನೇ ಗುಹೆಯೊಳಗ ಪುಲಕೇಶಿ ಚಿಕ್ಕಪ್ಪ ಮಂಗಳೇಶನ ಸಂಸ್ಕೃತ ಶಾಸನ ಐತಿ, ಶಕ 500, ಅಂದ್ರ ಕ್ರಿ.ಶ. 578, ಅಲ್ಲೇ ಒಂದು ಕನ್ನಡದ್ದೂ ಐತಿ, ಲಂಜಿಗೇಸರ ಅನ್ನೋ ಊರನ್ನ "ಕಲ್ಮನೆ"ಗೆ, ಅಂದ್ರ ಆ ಗುಹಾ ಗುಡಿಗೆ ಕೊಟ್ಟಿದ್ದು. ಎರಡು ಭಾಷಾ ಯಾಕ ಅಂತ ಕೇಳಿದ್ರು. ಖಾತ್ರಿ ಇಲ್ಲ, ಯೋಚನಿ ಮಾಡಿ ಹೇಳ್ತೀನಿ ಅಂದೆ. ರಾಜನ ಕೀರ್ತಿ ದೂರದ ದೇಶಕ್ಕೂ ಮುಟ್ಟಬೇಕು, ದಾನದ ಕರಾರು ಮಾತ್ರ ಇಲ್ಲಿನ ಮಂದಿಗೆ ತಿಳೀಬೇಕು, ಅದಕ್ಕಿರಬಹುದು ಅಂದೆ. ಓದಾಕ ಬರೋರು ಎಷ್ಟು ಜನ ಇದ್ರು ಅಂದ್ರು. ಒಬ್ಬ ಓದಿದ್ರ ಸಾಕು, ಉಳಿದವರು ಕೇಳ್ತಾರ, ಆದ್ರ ಸಂಸ್ಕೃತದ್ರಾಗೂ ದಾನದ ಮಾತು ಐತಿ, ನನ್ನ ವಾದಕ್ಕ ಅದು ತೊಡಕು ಅಂತ ನಾನೇ ಹೇಳ್ದೆ. ನಿಮ್ಮ ವಾದ ತಪ್ಪು ಅನ್ನಾಕ ಏನ್ ಸಿಗಬೇಕು ಅಂತ ಕಡೀಕ ಕೇಳಿದ್ರು. ಹಳ್ಳ್ಯಾಗಿನ ಸಣ್ಣ ಸಣ್ಣ ದಾನಶಾಸನ ಎಲ್ಲಾ ಬರೇ ಸಂಸ್ಕೃತದಾಗ ಸಿಕ್ರ ನನ್ನ ವಾದ ಬಿತ್ತು ಅಂದೆ, ಅವರು ಪೆನ್ ತಗೊಂಡು ಅದನ್ನ ಬರ್ಕೊಂಡ್ರು.