ಕುಡಿಯುವ ಹೊತ್ತಿಗೇ ಇರುವ ಮೀಟಿಂಗ್ ಹುಡುಕಿದೆ

ಕುಡಿತ ಬಿಡಬೇಕು ಅಂತ ಬರುವವರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ದಿನದಲ್ಲಿ ಯಾವ ಹೊತ್ತಿಗೆ ಕುಡಿಯಬೇಕು ಅನಿಸೋದು ಜಾಸ್ತಿ? ನನಗದು ಸಂಜೆ ಆರರಿಂದ ಎಂಟು. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲೇ ಬಾರ್. ಆ ಎರಡು ಗಂಟೆ ದಾಟಿದರೆ ರಾತ್ರಿ ಹೇಗೋ ಕಳೆಯುತ್ತಿತ್ತು. ಹಾಗಾಗಿ ಕುಡಿತ ಬಿಡುವವರು ಕೂಡಿ ಮಾತಾಡುವ ಮೀಟಿಂಗುಗಳಲ್ಲಿ, ಮನೆಗೆ ಹತ್ತಿರ ಇರುವುದಕ್ಕಿಂತ, ಆ ಹೊತ್ತಿಗೆ ನಡೆಯುವ ಮೀಟಿಂಗ್ ಹುಡುಕಿದೆ.

ಈ ಮೀಟಿಂಗ್ ನಡೆಸುವ ಕೂಟದ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲೂ ಎಎ. ಬೆಂಗಳೂರಿನ ಅವರ ಸಹಾಯವಾಣಿಗೆ ಫೋನ್ ಮಾಡಿದಾಗ ಎತ್ತಿದವರೂ ಒಂದು ಕಾಲಕ್ಕೆ ಕುಡಿಯುತ್ತಿದ್ದವರೇ. ಊರು, ಕೆಲಸ ಏನೂ ಕೇಳಲಿಲ್ಲ. "ಸರ್, ದಿನಾ ಕುಡೀತೀರಾ? ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ?" ಅಂದರು. ಹೌದು ಅಂದೆ. "ಹಾಗಾದ್ರೆ ಇವತ್ತೇ ಡಾಕ್ಟರ್ ಹತ್ರ ಹೋಗಿ. ಮೀಟಿಂಗಿಗೂ ಬನ್ನಿ. ಎರಡೂ ಬೇಕು."

ಇದು ತುಂಬಾ ಮುಖ್ಯ. ದಿನವೂ ಜಾಸ್ತಿ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಮೊದಲೆರಡು ದಿನದಲ್ಲೇ ಫಿಟ್ಸ್ ಬರಬಹುದು. ಆಮೇಲೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತೆ, ಕೇಳಿಸುತ್ತೆ. ಜೀವಕ್ಕೇ ಅಪಾಯ. ಮನೆಯವರು ರೂಮಿನಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಅಂದರೆ ದಯವಿಟ್ಟು ಬೇಡ ಅನ್ನಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವ್ಯಸನ ಬಿಡಿಸುವುದಕ್ಕೆ ಅಂತಲೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಎಎ ಶುರುವಾಗಿದ್ದೇ ಒಂದು ಫೋನ್ ಕರೆಯಿಂದ. 1935ರಲ್ಲಿ ಅಮೆರಿಕದ ಅಕ್ರನ್ ಊರಿನ ಹೋಟೆಲಿನಲ್ಲಿ ಬಿಲ್ ಎಂಬಾತ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ವ್ಯವಹಾರ ಕೈಕೊಟ್ಟಿತ್ತು, ಪಕ್ಕದಲ್ಲೇ ಬಾರ್. ಅವನು ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಿದ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್. ಕುಡಿಯಬೇಕು ಅನಿಸಿದಾಗ ಕುಡಿತ ಗೊತ್ತಿರುವ ಇನ್ನೊಬ್ಬರ ಜೊತೆ ಮಾತಾಡುವುದು, ಇವತ್ತಿಗೂ ನಡೆಯುತ್ತಿರುವುದು ಅದೇ.

ಮೀಟಿಂಗಿನಲ್ಲಿ ಎರಡು ಥರ. ಓಪನ್ ಮೀಟಿಂಗಿಗೆ ಮನೆಯವರು, ಸ್ನೇಹಿತರು ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ನಾನು ಮೊದಲು ಓಪನ್ ಮೀಟಿಂಗಿಗೆ ಹೆಂಡತಿಯ ಜೊತೆ ಹೋದೆ. ಅದು ಇಂಗ್ಲಿಷ್ ಗುಂಪು. ಎಲ್ಲಾ ಅರ್ಥ ಆಯ್ತು, ಆದರೆ ನನ್ನ ಸರದಿ ಬಂದಾಗ ಬಾಯಿ ಕಟ್ಟಿತು. ಅಪ್ಪನ ಮೇಲೆ ಕೈ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳೋದು? ಹೊರಗೆ ಬಂದಾಗ ಅಲ್ಲಿದ್ದ ಹಿರಿಯರೊಬ್ಬರು ಕನ್ನಡ ಗುಂಪಿನ ಜಾಗ, ವಾರ, ಸಮಯ ಚೀಟಿಯಲ್ಲಿ ಬರೆದುಕೊಟ್ಟರು. ಹೊತ್ತಿನ ಜೊತೆ ಭಾಷೆಯನ್ನೂ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಕನ್ನಡ ಗುಂಪು ಸೇರುತ್ತಿದ್ದದ್ದು ಚರ್ಚಿನ ಹಿಂದಿನ ಶಾಲೆಯ ಕೊಠಡಿಯಲ್ಲಿ. ಮಕ್ಕಳ ಬೆಂಚು, ಬೋರ್ಡಿನ ಮೇಲೆ ಅಳಿಸದೆ ಬಿಟ್ಟ ಮಗ್ಗಿ. ಚರ್ಚ್ ಜಾಗ ಕೊಡುತ್ತೆ ಅಷ್ಟೇ, ಯಾವ ಧರ್ಮಕ್ಕೂ ಸಂಬಂಧ ಇಲ್ಲ. ಆಟೊ ಓಡಿಸುವವರು, ಬ್ಯಾಂಕಿನವರು, ಒಬ್ಬ ಅಡುಗೆ ಭಟ್ಟರು. ಒಬ್ಬೊಬ್ಬರೇ ಹೆಸರು ಹೇಳಿ "ನಾನೊಬ್ಬ ಆಲ್ಕೊಹಾಲಿಕ್" ಅಂತ ಶುರು ಮಾಡುತ್ತಾರೆ. ಒಬ್ಬರು ಮಾತಾಡುವಾಗ ಯಾರೂ ಮಧ್ಯ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಭಟ್ಟರು ಮದುವೆ ಮನೆಯಲ್ಲಿ ನೀರಿನ ಬಾಟಲಿಗೆ ನೈಂಟಿ ಬೆರೆಸಿಟ್ಟುಕೊಂಡು ಸಾರು ಕುದಿಸುತ್ತಿದ್ದದ್ದನ್ನು ಹೇಳಿದರು. ನನ್ನ ಬ್ಯಾಗಿನಲ್ಲೂ ಅಂಥದ್ದೇ ಬಾಟಲಿ ಇರುತ್ತಿತ್ತು. ಅವತ್ತು ನಾನೂ ಮಾತಾಡಿದೆ. ಕೊನೆಗೆ ಒಂದು ಡಬ್ಬಿ ಸುತ್ತಿ ಬಂತು, ಬಾಡಿಗೆ, ಟೀ ಖರ್ಚಿಗೆ. ನನ್ನ ಹತ್ರ ಬಂದಾಗ "ಹೊಸಬರು ಹಾಕಬೇಡಿ, ಮತ್ತೆ ಬನ್ನಿ ಸಾಕು" ಅಂದರು. ಫೀಸು ಇಲ್ಲ, ರಿಜಿಸ್ಟರ್ ಇಲ್ಲ.

ಹೆಂಡತಿಗೆ ಅಲ್-ಅನಾನ್ ಗುಂಪಿನ ವಿಷಯ ಗೊತ್ತಾಗಿದ್ದೂ ಅಲ್ಲೇ. ಅದು ಕುಡಿಯುವವರ ಮನೆಯವರಿಗೆ ಅಂತ ಇರುವುದು. ಗಂಡ ಬಿಡಲಿ, ಬಿಡದೇ ಇರಲಿ, ಅವರು ಹೋಗಬಹುದು.

ಹಳ್ಳಿಯ ಕಡೆ ಎಎ ಸಿಗದೇ ಇರಬಹುದು. ತುಮಕೂರಿನ ಹತ್ತಿರದ ನಮ್ಮೂರಿನಲ್ಲಿ ಚಿಕ್ಕಪ್ಪನ ಮಗ ಬಿಟ್ಟದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರದಲ್ಲಿ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಅಂತ ಮಾಡಿಕೊಂಡು ಆಗಾಗ ಕೂಡುತ್ತಾರೆ. ಅಲ್ಲಿ ಭಜನೆ, ಪ್ರಾರ್ಥನೆ ಇರುತ್ತೆ, ರೀತಿ ಬೇರೆ. ಆದರೆ ಬಿಟ್ಟವರು ಬಿಟ್ಟವರ ಜೊತೆ ಕೂರುವುದು ಅಲ್ಲೂ ಇದೆ. ನಾನು ಹಬ್ಬಕ್ಕೆ ಊರಿಗೆ ಹೋದಾಗ ಅವನ ಜೊತೆ ಅಲ್ಲೇ ಹೋಗಿ ಕೂರುತ್ತೇನೆ. ಊರ ಹಬ್ಬದ ಬಾಡೂಟ, ಬಾಟಲಿ ದಾಟುವುದು ಸುಲಭ ಅಲ್ಲ.

ಒಂದು ಮೀಟಿಂಗ್ ಹಿಡಿಸಲಿಲ್ಲ ಅಂತ ಬಿಟ್ಟುಬಿಡಬೇಡಿ, ಗುಂಪಿಂದ ಗುಂಪಿಗೆ ವಾತಾವರಣ ಬೇರೆ. ಹೊರಡುವ ಮುಂಚೆ ಒಂದು ಸಲ ಫೋನ್ ಮಾಡಿ ಕೇಳಿ, ಜಾಗ, ಸಮಯ ಬದಲಾಗುತ್ತಿರುತ್ತೆ. ಒಬ್ಬರೇ ಒಳಗೆ ಬರೋಕೆ ಕಷ್ಟ ಅನಿಸಿದರೆ ಅದನ್ನೂ ಫೋನಿನಲ್ಲೇ ಹೇಳಿ. ನಮ್ಮ ಗುಂಪಿನವರು ಬಸ್ ಸ್ಟಾಪಿಗೆ ಬಂದು ಕರೆದುಕೊಂಡು ಹೋಗುತ್ತಾರೆ, ಎಷ್ಟೋ ಸಂಜೆ ಹಾಗೆ ಬಂದು ನಿಲ್ಲುವವನು ನಾನೇ.