ಟ್ವೀಟರ್ ನಾಬ್ ಕೈಕೊಟ್ಟಾಗ: ನನ್ನ ಅನುಭವ

ನನ್ನ ಬೇಸ್ ಸ್ಪೀಕರ್ ಕ್ಯಾಬಿನೆಟ್‌ನಲ್ಲಿ ಟ್ವೀಟರ್ (ಎತ್ತರದ ಸ್ವರ ನುಡಿಸುವ ಸಣ್ಣ ಸ್ಪೀಕರ್) ಅದರ ನಾಬ್ ಪೂರ್ತಿ ಏರಿಸಿದರಷ್ಟೇ ಕೇಳುತ್ತಿತ್ತು. ಸ್ವಲ್ಪ ಇಳಿಸಿದರೆ ಕರಕರ, ಆಮೇಲೆ ಬಂದ್. ತಗ್ಗಿನ ಸ್ವರ ನುಡಿಸುವ ವೂಫರ್ ಸರಿಯಿತ್ತು. ಕೇಬಲ್ ಬದಲಿಸಿದೆ, ಬೇರೆ ಟ್ವೀಟರ್ ಹಾಕಿದೆ, ಉಪಯೋಗವಾಗಲಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಒಂದಷ್ಟು ಹೊತ್ತು ಸರಿ, ಮತ್ತೆ ಅದೇ ಕಥೆ.

ಆಂಪ್ ಆಫ್ ಮಾಡಿ, ಹಿಂದಿನ ಪ್ಲೇಟ್ ಬಿಚ್ಚಿ, ಎಲ್-ಪ್ಯಾಡ್ (ನಾಬ್ ಹಿಂದಿರುವ, ಟ್ವೀಟರ್ ಸದ್ದು ಏರಿಸಿ ಇಳಿಸುವ ಭಾಗ)‌ನಿಂದ ಇನ್‌ಪುಟ್ ಮತ್ತು ಔಟ್‌ಪುಟ್ ವೈರ್ ತೆಗೆದು ಒಂದಕ್ಕೊಂದು ಸೇರಿಸಿದೆ. ಕಾಮನ್ ವೈರ್ (ಎರಡೂ ಕಡೆಗೆ ಸೇರಿದ ನೆಗೆಟಿವ್ ವೈರ್) ಮುಟ್ಟಲಿಲ್ಲ. ಸಣ್ಣ ವಾಲ್ಯೂಮ್‌ನಲ್ಲಿ ನುಡಿಸಿದಾಗ ಟ್ವೀಟರ್ ಸ್ವಚ್ಛವಾಗಿ ಕೇಳಿತು. ಅಂದರೆ ದೋಷ ಎಲ್-ಪ್ಯಾಡ್‌ನದೇ. ಒಳಗೆ ಸುತ್ತಿದ ತಂತಿ ಒಂದು ಕಡೆ ಕಪ್ಪಾಗಿ ತುಂಡಾಗಿತ್ತು.

ಟ್ವೀಟರ್ 8 ಓಮ್‌ನದು, ಹಾಗಾಗಿ 8 ಓಮ್, 100 ವ್ಯಾಟ್‌ನ ಹೊಸ ಎಲ್-ಪ್ಯಾಡ್ ತಂದೆ. ಅದರ ಟರ್ಮಿನಲ್‌ಗಳ ಜೋಡಣೆ: 1 ಕಾಮನ್, 2 ಟ್ವೀಟರ್, 3 ಕ್ರಾಸ್‌ಓವರ್ (ಸ್ವರಗಳನ್ನು ವೂಫರ್ ಮತ್ತು ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್) ಕಡೆಯ ವೈರ್. ನಂಬರ್ ಕ್ರಮವನ್ನು ಅದರ ಚೀಟಿಯಲ್ಲಿ ನೋಡಿಕೊಂಡೇ ಬೆಸುಗೆ ಹಾಕಿ. ಎಲ್-ಪ್ಯಾಡ್ ಬದಲು ಸಾದಾ ವಾಲ್ಯೂಮ್ ಪಾಟ್ (ಪೊಟೆನ್ಶಿಯೋಮೀಟರ್) ಮಾತ್ರ ಹಾಕಬೇಡಿ, ಸುಟ್ಟುಹೋಗುತ್ತದೆ.