ಟ್ರೋಲ್‌ನ ಗುಟ್ಟು ಗೊತ್ತಿರುವುದು ನಿಮಗಾ, ನಿಮ್ಮ ಪಾತ್ರಕ್ಕಾ?

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಸ್ವಲ್ಪ ದಿನ ಆಡಿದವರಿಗೆಲ್ಲ ಟ್ರೋಲ್ ಅನ್ನುವ ರಾಕ್ಷಸ ಗೊತ್ತು. 2014ರ ನಿಯಮಗಳಲ್ಲಿ ಅದಕ್ಕೆ 84 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ತಡೆಯುವ ಶಕ್ತಿ. ಕತ್ತಿಯಲ್ಲಿ ಎಷ್ಟು ಕೊಚ್ಚಿದರೂ ಪ್ರತಿ ಸರದಿಯ ಶುರುವಿಗೆ 10 ವಾಪಸ್ ಬರುತ್ತದೆ, ಬೆಂಕಿಯೋ ಆಸಿಡ್ಡೋ ತಾಗಿದರೆ ಮಾತ್ರ ಮುಂದಿನ ಸರದಿಗೆ ಅದು ನಿಲ್ಲುತ್ತದೆ. ಇದೆಲ್ಲ ನಿಮಗೆ ಗೊತ್ತು, ಸರಿ. ನಿನ್ನೆ ಮೊನ್ನೆ ಊರು ಬಿಟ್ಟು ಹೊರಟ ನಿಮ್ಮ ಪಾತ್ರಕ್ಕೆ ಯಾರು ಹೇಳಿದರು?

ಹಾಗಾಗಿ ನಿಮ್ಮ ಸರದಿಗೆ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವನು ಇಲ್ಲಿಯವರೆಗೆ ಏನು ನೋಡಿದ್ದಾನೆ, ಏನು ಕೇಳಿದ್ದಾನೆ? ಗಾಯ ಕಣ್ಣೆದುರೇ ಮುಚ್ಚಿಕೊಂಡದ್ದನ್ನು ನೋಡಿದ್ದರೆ ಬೇರೆ ಏನಾದರೂ ಪ್ರಯತ್ನಿಸಲು ಅಷ್ಟು ಕಾರಣ ಸಾಕು.

ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು ಅನ್ನಿಸಿದರೆ ದಾಳಕ್ಕೆ ಬಿಡಿ. ಇದೇ ಥರದ ಇನ್ನೊಂದು ಆಟವಾದ ಪಾಥ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲಿ ಹೀಗೆ ನೆನಪಿಸಿಕೊಳ್ಳುವುದಕ್ಕೇ ಸರದಿಯ ಮೂರು ಆಕ್ಷನ್‌ಗಳಲ್ಲಿ ಒಂದು ಖರ್ಚಾಗುತ್ತದೆ. ದಾಳವನ್ನು ಆಟ ನಡೆಸುವ ಗೇಮ್ ಮಾಸ್ಟರ್ ಗುಟ್ಟಾಗಿ ಉರುಳಿಸುತ್ತಾರೆ, ತೀರಾ ಕೆಟ್ಟದಾಗಿ ಬಿದ್ದರೆ ಸುಳ್ಳು ಮಾಹಿತಿಯನ್ನೇ ಕೊಡುತ್ತಾರೆ. ನನಗಂತೂ ಇದು ತುಂಬಾ ಇಷ್ಟ.

ಈಗ ಜಾಸ್ತಿ ಜನ ಎಡವುವ ಜಾಗ. ಮೆಟಾಗೇಮಿಂಗ್ (ಆಟಗಾರನಿಗಷ್ಟೇ ಗೊತ್ತಿರುವುದನ್ನು ಪಾತ್ರ ಬಳಸುವುದು) ಆಗಬಾರದು ಅಂತ ಬೇಕಂತಲೇ ದಡ್ಡರಾಗುತ್ತಾರೆ! ದಿನಾ ಫೈರ್ ಬೋಲ್ಟ್ ಅನ್ನುವ ಬೆಂಕಿಯ ಮಂತ್ರ ಎಸೆಯುವ ಮಾಂತ್ರಿಕ ಟ್ರೋಲ್ ಕಂಡ ಕೂಡಲೇ ಸುಮ್ನೆ ಚಾಕು ಹಿಡಿದು ನುಗ್ಗಿದರೆ, ಅದೂ ಪುಸ್ತಕ ಓದಿದ ಆಟಗಾರನ ಬುದ್ಧಿಯೇ ಅಲ್ವಾ? ಟ್ರೋಲ್‌ನ ಪುಟವನ್ನು ನಾನು ಓದಿಯೇ ಇರದಿದ್ದರೆ ಈಗ ಏನು ಮಾಡುತ್ತಿದ್ದೆ ಅಂತ ಯೋಚಿಸಿ, ಅದನ್ನೇ ಮಾಡಿ. ಬೆಂಕಿಯೇ ಉತ್ತರವಾದರೆ ಧಾರಾಳವಾಗಿ ಎಸೆಯಿರಿ.

ಆಮೇಲೆ ಮಾತು. ಎಲ್ಲರ ಸರದಿ ಒಮ್ಮೆ ಮುಗಿಯುವ ಒಂದು ರೌಂಡ್ ಅಂದರೆ ಆಟದೊಳಗೆ 6 ಸೆಕೆಂಡ್. ಅಷ್ಟರಲ್ಲಿ ‘ಹಿಂದೆ ಸರಿ’ ಅಂತ ಕೂಗಬಹುದು, ನಾವು ಮಾಡುವ ಹತ್ತು ನಿಮಿಷದ ಮೀಟಿಂಗ್ ಅಲ್ಲಿ ಹಿಡಿಸುವುದಿಲ್ಲ. ‘ನನಗೆ 7 ಹಿಟ್ ಪಾಯಿಂಟ್ ಉಳಿದಿದೆ’ ಅನ್ನುವ ಬದಲು ‘ನಿಲ್ಲಲಾಗದೆ ತೂರಾಡುತ್ತಿದ್ದೇನೆ’ ಅನ್ನಿ. ನೆಲಕ್ಕೆ ಬಿದ್ದ ಗೆಳೆಯನ ಡೆತ್ ಸೇವ್ (ಬದುಕುತ್ತಾನಾ ಸಾಯುತ್ತಾನಾ ಅಂತ ಉರುಳಿಸುವ ದಾಳ) ಎರಡು ಸಲ ಕೈಕೊಟ್ಟಿರುವುದು ದೂರದಲ್ಲಿ ಹೊಡೆದಾಡುತ್ತಿರುವವನಿಗೆ ಕಾಣುವುದಿಲ್ಲ. ಅದನ್ನು ಡಂಜನ್ ಮಾಸ್ಟರ್ (ಡಂಜನ್ಸ್ ಅಂಡ್ ಡ್ರಾಗನ್ಸ್ ಆಟ ನಡೆಸುವವರು) ಪರದೆಯ ಹಿಂದೆ ಉರುಳಿಸಿದರೆ ಎದೆ ಢವಢವ ಅನ್ನುವುದು ನಿಜವಾಗಿಯೂ ಶುರುವಾಗುತ್ತದೆ.

ಎಲ್ಲವನ್ನೂ ಆಟಗಾರರ ಮೇಲೆ ಹೊರಿಸುವುದೂ ಸರಿಯಲ್ಲ. ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ಎಷ್ಟು ಹೊತ್ತು ನಟಿಸುವುದು? ಡಂಜನ್ ಮಾಸ್ಟರ್ ಆದವರು ರಾಕ್ಷಸರ ಗುಣವನ್ನೇ ಸ್ವಲ್ಪ ಬದಲಿಸಿಬಿಡಬಹುದು. ನಮ್ಮ ಟೇಬಲ್‌ನಲ್ಲಿ ಒಮ್ಮೆ ಬೆಂಕಿ ಕುಡಿದು ಕೊಬ್ಬುವ ಟ್ರೋಲ್ ಬಂತು. ಪುಸ್ತಕ ಬಾಯಿಪಾಠ ಮಾಡಿಕೊಂಡಿದ್ದ ನಾನೇ ಮೊದಲು ಮಲಗಿದೆ.